ಮಂಡಿ ಕೈಬದಲಾಯಿತು, ಚೀಟಿ ಇರಲಿಲ್ಲ: ಶಿವಮೊಗ್ಗದ ಒಂದು ಗಾಯನ ತಂಡದ ಪ್ರಕರಣ

ಶಿವಮೊಗ್ಗದ ಅಡಿಕೆ ಬೆಳೆಗಾರನಿಗೆ ಮಂಡಿಯ ವ್ಯವಹಾರ ಹೇಳಿಕೊಡಬೇಕಿಲ್ಲ. ಮೂಟೆ ಇಳಿಸಿದೊಡನೆ ಚೀಟಿ ಕೈಗೆ ಬರುತ್ತದೆ: ಯಾರ ಮಾಲು, ರಾಶಿಯೋ ಬೆಟ್ಟೆಯೋ ಗೊರಬಲೋ, ತೂಕ ಎಷ್ಟು. ಮಂಡಿ ನಾಳೆ ಇನ್ನೊಬ್ಬರ ಪಾಲಾದರೂ ಚೀಟಿ ಇಟ್ಟುಕೊಂಡವನು ಹೋಗಿ ಕೇಳಬಹುದು. ಹಾಡಿನ ವ್ಯಾಪಾರದಲ್ಲೂ ಇಂಥದೊಂದು ಮಂಡಿ ಇದೆ, ಅದರ ಹೆಸರು ಡಿಸ್ಟ್ರಿಬ್ಯೂಟರ್. ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್ ಇವೆಲ್ಲ ಅಂಗಡಿಗಳು. ಹಾಡುವವರಿಂದ ಹಾಡನ್ನು ಅವು ನೇರವಾಗಿ ಇಳಿಸಿಕೊಳ್ಳುವುದಿಲ್ಲ, ನಡುವೆ ಮಂಡಿಯವನು ಇರಲೇಬೇಕು. ದೊಡ್ಡ ಸಂಗೀತ ಕಂಪನಿಗಳು ಒಂದನ್ನೊಂದು ಕೊಂಡ ಸುದ್ದಿ ಓದಿ, ಅದು ಲಂಡನ್, ನ್ಯೂಯಾರ್ಕ್‌ನವರ ಪಾಡು ಎಂದು ನಮ್ಮವರು ಸುಮ್ಮನಾಗುತ್ತಾರೆ. ಶಿವಮೊಗ್ಗದ ತಂಡಕ್ಕೆ ಅದು ತಟ್ಟುವುದು ಈ ಮಂಡಿಯ ಬಾಗಿಲಿಂದ.

ಇಲ್ಲಿರುವ ತಂಡವನ್ನು ಮಾದರಿಯಾಗಿ ಕಟ್ಟಿಕೊಂಡಿದ್ದೇವೆ, ಅದರ ಕೇಳುಗರ ಲೆಕ್ಕವೂ ಮಾದರಿಯದೇ. ಕಾನೂನು, ವೇದಿಕೆಗಳ ನಿಯಮ, ಯಾವ ಕಂಪನಿಯನ್ನು ಯಾರು ಕೊಂಡರು ಎಂಬ ವಿವರ ಇದ್ದದ್ದು ಇದ್ದಂತೆ.

ನಾಲ್ವರು, ಎಂಟು ಹಾಡು

ಹಾಡುಗಾರ್ತಿ ಆಕಾಶವಾಣಿ ಭದ್ರಾವತಿಯಲ್ಲಿ 'ಬಿ ಹೈ' ಶ್ರೇಣಿಯವರು. ದಾಟಿ ಹಾಕಿ ಹಾರ್ಮೋನಿಯಂ ಹಿಡಿಯುವವರು ಶಾಲೆಯ ಮೇಷ್ಟ್ರು. ತಬಲಾಕ್ಕೆ ಒಬ್ಬರು, ಕೀಬೋರ್ಡು, ಕಂಪ್ಯೂಟರು ಎರಡನ್ನೂ ನೋಡಿಕೊಳ್ಳುವ ಹುಡುಗ ಒಬ್ಬ. ಎಂಟರಲ್ಲಿ ಐದು ವಚನ: ಮೂರು ಅಕ್ಕನವು, ಎರಡು ಅಲ್ಲಮನವು. ಉಡುತಡಿ, ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವೇ ಆದ್ದರಿಂದ ಊರಿನ ಅಭಿಮಾನವೂ ಇತ್ತು. ಉಳಿದ ಮೂರು ಅಂಟಿಗೆ-ಪಂಟಿಗೆ ಪದಗಳು, ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವಂಥವು, ಹೊಸನಗರದ ಕಡೆಯ ಹಿರಿಯರೊಬ್ಬರ ಬಾಯಿಂದ ಕಲಿತವು.

ಹಾಡಿನ ಆಯ್ಕೆಯಲ್ಲಿ ತಂಡ ಎಡವಲಿಲ್ಲ. ಮೊದಲು ಕುವೆಂಪು ಅವರದೊಂದು ಕವಿತೆಯೂ ಪಟ್ಟಿಯಲ್ಲಿತ್ತು. ಕವಿ ತೀರಿಕೊಂಡದ್ದು 1994ರಲ್ಲಿ. ನಮ್ಮ ಕಾಯ್ದೆಯಲ್ಲಿ ಸಾಹಿತ್ಯದ ಹಕ್ಕು ಮರುವರ್ಷದ ಆರಂಭದಿಂದ 60 ವರ್ಷ, ಅಂದರೆ 2054ರ ಕೊನೆಯವರೆಗೆ. ಹಕ್ಕುದಾರರ ಲಿಖಿತ ಒಪ್ಪಿಗೆ ಕೈಸೇರುವವರೆಗೆ ಅದು ಬೇಡವೆಂದು ಬಿಟ್ಟರು. ಶರೀಫರ ಪದವೊಂದನ್ನೂ ಬಿಟ್ಟರು, ಕಾರಣ ಬೇರೆ. ಶರೀಫರು ಹೋದದ್ದು 1889ರಲ್ಲಿ, ಪದದ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ ಎಲ್ಲರ ಕಿವಿಯಲ್ಲಿರುವ ದಾಟಿ ಸಿ. ಅಶ್ವತ್ಥ್ ಹಾಕಿದ್ದಾದರೆ, ಅವರು 2009ರ ಕೊನೆಯಲ್ಲಿ ತೀರಿಕೊಂಡವರು, ದಾಟಿಯ ಹಕ್ಕು 2069ರವರೆಗೂ ಜೀವಂತ. ಪದ ಹಳೆಯದು ಎಂದಮಾತ್ರಕ್ಕೆ ದಾಟಿಯೂ ಹಳೆಯದೆಂದು ತಿಳಿದು ಕೈ ಸುಟ್ಟುಕೊಂಡ ಸುಗಮ ಸಂಗೀತದ ತಂಡಗಳು ಊರಿಗೊಂದಾದರೂ ಸಿಗುತ್ತವೆ.

ಇಷ್ಟು ಎಚ್ಚರ ವಹಿಸಿದವರು ಕಾಗದಪತ್ರದ ಕಡೆ ತಿರುಗಿಯೂ ನೋಡಲಿಲ್ಲ. ಸ್ಟುಡಿಯೋ ಬಿಲ್ಲು ಮೇಷ್ಟ್ರ ಹೆಸರಿನಲ್ಲಿ, ಡಿಸ್ಟ್ರಿಬ್ಯೂಟರ್ ಖಾತೆ ಹುಡುಗನ ಮೇಲ್ ಐಡಿಯಲ್ಲಿ, ಬ್ಯಾಂಕ್ ಖಾತೆ ಹಾಡುಗಾರ್ತಿಯದು. ನಾಲ್ವರ ನಡುವೆ ಒಂದು ಸಾಲಿನ ಬರಹವೂ ಇಲ್ಲ.

ಯಾರು ಯಾರನ್ನು ಕೊಂಡರು

ಹಳೆಯ ಕತೆ ಹೆಚ್ಚು ಕಡಿಮೆ ಎಲ್ಲರಿಗೂ ಗೊತ್ತಿರುವುದೇ. 1998ರಲ್ಲಿ ಪಾಲಿಗ್ರಾಮ್ ಯೂನಿವರ್ಸಲ್‌ನೊಳಗೆ ಸೇರಿತು. 2004ರಲ್ಲಿ ಸೋನಿ, ಬಿಎಂಜಿ ಒಂದಾದವು. 2012ರಲ್ಲಿ ಇಎಂಐ ಸೀಳಿ, ಧ್ವನಿಮುದ್ರಣದ ಭಾಗ ಯೂನಿವರ್ಸಲ್‌ಗೂ ಸಾಹಿತ್ಯ-ದಾಟಿಗಳ ಹಕ್ಕು ನೋಡಿಕೊಳ್ಳುವ ಪಬ್ಲಿಷಿಂಗ್ ಭಾಗ ಸೋನಿ ಮುಂದಾಳತ್ವದ ಕೂಟಕ್ಕೂ ಹೋಯಿತು. ಪಾರ್ಲೊಫೋನ್ ಮರುವರ್ಷ ವಾರ್ನರ್‌ಗೆ ಬಂತು. ಉಳಿದದ್ದು ಮೂರು ಮನೆ: ಯೂನಿವರ್ಸಲ್, ಸೋನಿ, ವಾರ್ನರ್.

ಸ್ವತಂತ್ರ ಕಲಾವಿದರು ನೋಡಬೇಕಾದ್ದು ಆಮೇಲಿನದು. ಈ ಮೂವರು, ಲೇಬಲ್‌ಗಳ (ಹಾಡು ಹೊರತರುವ ಕಂಪನಿಗಳ) ಜೊತೆಗೆ ಮಂಡಿಗಳನ್ನೂ ಕೊಳ್ಳತೊಡಗಿದರು. ದಿ ಆರ್ಚರ್ಡ್ 2015ರಲ್ಲಿ ಪೂರ್ತಿ ಸೋನಿಯದಾಯಿತು. 2019ರಲ್ಲಿ ಇನ್‌ಗ್ರೂವ್ಸ್ ಯೂನಿವರ್ಸಲ್‌ಗೆ, 2021ರಲ್ಲಿ ಎವಾಲ್ ಸೋನಿಗೆ. ಮೂವರ ಹೊರಗಿನ ಮಂಡಿಗಳೂ ಇದ್ದಲ್ಲಿಯೇ ಇರಲಿಲ್ಲ: ಟ್ಯೂನ್‌ಕೋರ್ 2015ರಲ್ಲಿ ಫ್ರಾನ್ಸಿನ ಬಿಲೀವ್ ಕಂಪನಿಯ ಪಾಲಾಯಿತು. ಸಿಡಿ ಬೇಬಿಯದು ಇನ್ನೂ ಉದ್ದದ ಪ್ರಯಾಣ. 1998ರಲ್ಲಿ ಡೆರೆಕ್ ಸಿವರ್ಸ್ ಎಂಬ ಸಂಗೀತಗಾರ ತನ್ನ ಸಿಡಿ ಮಾರಿಕೊಳ್ಳಲು ಶುರುಮಾಡಿದ ಅಂಗಡಿ ಅದು. 2008ರಲ್ಲಿ ಡಿಸ್ಕ್ ಮೇಕರ್ಸ್‌ಗೆ ಮಾರಾಟವಾಯಿತು, 2019ರಲ್ಲಿ ಡೌನ್‌ಟೌನ್ ಕೈಗೆ ಬಂತು. 2024ರ ಡಿಸೆಂಬರಿನಲ್ಲಿ ಆ ಡೌನ್‌ಟೌನನ್ನೇ 77.5 ಕೋಟಿ ಡಾಲರಿಗೆ ಕೊಳ್ಳುವುದಾಗಿ ಯೂನಿವರ್ಸಲ್‌ನ ವರ್ಜಿನ್ ಮ್ಯೂಸಿಕ್ ಗ್ರೂಪ್ ಘೋಷಿಸಿತು.

ಐರೋಪ್ಯ ಆಯೋಗ 2025ರ ಜುಲೈನಲ್ಲಿ ಈ ವ್ಯವಹಾರದ ಬಗ್ಗೆ ಆಳದ ತನಿಖೆ ತೆರೆಯಿತು. ಅದರ ಆತಂಕಗಳಲ್ಲಿ ಒಂದು ಕರ್ವ್ ಎಂಬ ತಂತ್ರಾಂಶದ್ದು. ಆಗ ಡೌನ್‌ಟೌನ್‌ಗೆ ಸೇರಿದ್ದ ಕರ್ವ್‌ನಲ್ಲಿ ಬೇರೆ ಬೇರೆ ಸ್ವತಂತ್ರ ಲೇಬಲ್‌ಗಳು ತಮ್ಮ ಕಲಾವಿದರ ರಾಯಲ್ಟಿ ಲೆಕ್ಕ ಇಡುತ್ತವೆ. ಅದು ಯೂನಿವರ್ಸಲ್ ಕೈಸೇರಿದರೆ ಎದುರಾಳಿಗಳ ಯಾವ ಹಾಡು ಏಳುತ್ತಿದೆ, ಯಾರಿಗೆ ಎಷ್ಟು ಪಾಲು ಹೋಗುತ್ತಿದೆ ಎಂಬುದೆಲ್ಲ ಕಣ್ಣಿಗೆ ಬೀಳಬಹುದು ಎಂಬುದು ಆಯೋಗದ ಚಿಂತೆಯಾಗಿತ್ತು. ಪಕ್ಕದ ಮಂಡಿಯ ರೋಕಡ ಬರೆಯುವ ಗುಮಾಸ್ತನನ್ನೇ ಕೊಂಡುಕೊಂಡ ಹಾಗೆ.

ನಮ್ಮ ಕಡೆ ಅಂಗಡಿಗಳ ಸಂಖ್ಯೆಯೂ ಇಳಿಯಿತು. ಜಿಯೋ ಮ್ಯೂಸಿಕ್ 2018ರಲ್ಲಿ ಸಾವನ್ ಜೊತೆ ಸೇರಿತು. ರೆಸ್ಸೊ 2024ರ ಜನವರಿ ಕೊನೆಗೆ ಭಾರತದಲ್ಲಿ ಬಾಗಿಲು ಹಾಕಿತು, ಅದೇ ವರ್ಷ ಏರ್‌ಟೆಲ್ ವಿಂಕ್ ಮುಚ್ಚಿತು. ಅಂಟಿಗೆ-ಪಂಟಿಗೆ ಪದವನ್ನು ಹಲೋ ಟ್ಯೂನ್ ಮಾಡಿಕೊಂಡಿದ್ದವರಿಂದ ಬರುತ್ತಿದ್ದ ಪುಡಿಗಾಸು ವಿಂಕ್ ಜೊತೆಗೇ ಹೋಯಿತು. ಪುಡಿಗಾಸೇ, ಆದರೆ ತಂಡಕ್ಕೆ ತಿಂಗಳು ತಪ್ಪದೆ ಬರುತ್ತಿದ್ದದ್ದು ಅದೊಂದೇ.

ಮೂರು ಮೇಲ್

ತಂಡ ಆರಿಸಿಕೊಂಡಿದ್ದ ಡಿಸ್ಟ್ರಿಬ್ಯೂಟರ್ ಒಂದು ಸಲ ಶುಲ್ಕ ಕಟ್ಟಿಸಿಕೊಂಡು ಹಾಡನ್ನು ಕಾಯಂ ಇಡುತ್ತೇನೆ ಎಂದಿತ್ತು. ಮೂರನೇ ವರ್ಷ ಅದು ಮಾರಾಟವಾಯಿತು. ಕೊಂಡವರು ಮೂರು ಮೇಲ್ ಕಳಿಸಿದರು. ಮೊದಲನೆಯದು, ನಿಯಮಗಳು ಬದಲಾಗಿವೆ ಎಂದು. ಎರಡನೆಯದು, ಖಾತೆಯನ್ನು 60 ದಿನದೊಳಗೆ ಹೊಸ ಡ್ಯಾಶ್‌ಬೋರ್ಡಿಗೆ ಸಾಗಿಸಿಕೊಂಡು ವಾರ್ಷಿಕ ಯೋಜನೆ ಆರಿಸಿ ಎಂದು. ಮೂರನೆಯದು, ಹಳೆಯ ಡ್ಯಾಶ್‌ಬೋರ್ಡ್ ಮುಚ್ಚುತ್ತಿದ್ದೇವೆ ಎಂದು. ಮೂರೂ ಹುಡುಗನ ಮೇಲ್‌ಗೆ ಹೋದವು. ಅವನು ಅಷ್ಟರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದ, ಮೇಲ್‌ಗಳು ಜಾಹೀರಾತಿನ ಕಪಾಟಿನಲ್ಲಿ ಬಿದ್ದಿದ್ದವು. ದೀಪಾವಳಿಗೆ ಹದಿನೈದು ದಿನ ಇರುವಾಗ ಸಾಗರದ ಕೇಳುಗರೊಬ್ಬರು 'ನಿಮ್ಮ ಪದ ಎಲ್ಲೂ ಸಿಗ್ತಿಲ್ಲವಲ್ರೀ' ಎಂದು ಕೇಳಿದಾಗಲೇ ತಂಡಕ್ಕೆ ತಿಳಿದದ್ದು.

ಇದರಲ್ಲಿ ಮೋಸವೇನೂ ಇಲ್ಲ. ತಂಡ ಒಪ್ಪಿಗೆ ಒತ್ತಿದ್ದ ಕರಾರಿನಲ್ಲೇ ಮೂರು ಸಾಲು ಇದ್ದವು: ನಿಯಮವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಕರಾರನ್ನು ಕಂಪನಿ ಯಾರಿಗೆ ಬೇಕಾದರೂ ವಹಿಸಿಕೊಡಬಹುದು ಆದರೆ ಕಲಾವಿದ ಮಾತ್ರ ಕಂಪನಿಯ ಒಪ್ಪಿಗೆಯಿಲ್ಲದೆ ವಹಿಸುವಂತಿಲ್ಲ, ಮೇಲ್ ಕಳಿಸಿದರೆ ತಿಳಿಸಿದಂತೆ. ಎರಡನೆಯ ಸಾಲೇ ಇಡೀ ಪ್ರಕರಣದ ಬೇರು. ಡಿಸ್ಟ್ರಿಬ್ಯೂಟರನ್ನು ಆರಿಸುವಾಗ ಎಲ್ಲರೂ ಶುಲ್ಕ ಎಷ್ಟು, ಕಮಿಷನ್ ಎಷ್ಟು ಎಂದಷ್ಟೇ ನೋಡುತ್ತಾರೆ. ನಮ್ಮನ್ನು ಕೇಳಿದರೆ ಮೊದಲು ನೋಡಬೇಕಾದ್ದು ಬಿಟ್ಟುಹೋಗುವ ದಾರಿ: ಎಷ್ಟು ದಿನದ ನೋಟಿಸು, ಬಿಟ್ಟಮೇಲೆ ಉಳಿದ ಹಣ ಯಾವಾಗ, ವರದಿಗಳನ್ನು ಎಷ್ಟು ಕಾಲ ಇಳಿಸಿಕೊಳ್ಳಬಹುದು. ಒತ್ತಿ ಒಪ್ಪುವ ಕರಾರಿನಲ್ಲಿ ಚೌಕಾಸಿ ನಡೆಯುವುದಿಲ್ಲ. 30 ದಿನದ ನೋಟಿಸಿಗೆ ಬಿಡುವ ಮಂಡಿಯನ್ನು ಹುಡುಕಿಕೊಳ್ಳುವುದಷ್ಟೇ ಕೈಯಲ್ಲಿರುವುದು.

ನಷ್ಟದಲ್ಲಿ ಸಣ್ಣ ಪಾಲು ಈ ಮಾರಾಟದ್ದು. ದೊಡ್ಡ ಪಾಲು ಆಮೇಲಿನ ಒಂದು ರಾತ್ರಿಯದು. ದೀಪಾವಳಿ ತಪ್ಪಬಾರದೆಂದು ಹುಡುಗ ಬೆಂಗಳೂರಿನಿಂದಲೇ ಇನ್ನೊಂದು ಡಿಸ್ಟ್ರಿಬ್ಯೂಟರ್‌ನಲ್ಲಿ ಖಾತೆ ತೆರೆದು ಎಂಟೂ ಹಾಡನ್ನು ಏರಿಸಿದ. ಐಎಸ್‌ಆರ್‌ಸಿ (ಪ್ರತಿ ಮುದ್ರಣಕ್ಕೂ ಇರುವ ಗುರುತಿನ ಕೋಡು) ಕೇಳಿದ ಜಾಗದಲ್ಲಿ 'ನೀವೇ ಕೊಡಿ' ಎಂದು ಒತ್ತಿದ. ಮಾಸ್ಟರ್ ಫೈಲುಗಳನ್ನು ಸುಮಾರು 3 ಡೆಸಿಬೆಲ್ ಜೋರು ಮಾಡಿದ, ಆರಂಭದ ಎರಡು ಸೆಕೆಂಡಿನ ಮೌನ ಕತ್ತರಿಸಿದ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಹಿಂದಿನ ಸಲ 'ಅಂಟಿಗೆ'ಗೆ ಒಂದೇ 'ಟಿ' ಇತ್ತು, ಈ ಸಲ 'ಟಿ' ಪಕ್ಕ 'ಎಚ್' ಬಂತು. ಜೋರು ಮಾಡಿದ್ದರಿಂದ ಪ್ರಯೋಜನವೂ ಆಗಲಿಲ್ಲ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನೆಲ್ಲ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಮಟ್ಟಕ್ಕೆ ತಂದೇ ನುಡಿಸುತ್ತದೆ.

ಹೊಸ ಕೋಡು, ಬೇರೆ ಉದ್ದ, ಬೇರೆ ಅಕ್ಷರ ಮೂರೂ ಸೇರಿದ್ದರಿಂದ ಹಳೆಯ ಹಾಡೇ ಇದು ಎಂದು ಯಂತ್ರ ಗುರುತಿಸಲಿಲ್ಲ. ಎಣಿಕೆ ಸೊನ್ನೆಯಿಂದ ಶುರುವಾಯಿತು. ಹಳೆಯ ಪ್ಲೇಲಿಸ್ಟುಗಳಲ್ಲಿದ್ದ ಹಾಡು ಬೂದುಬಣ್ಣಕ್ಕೆ ತಿರುಗಿತು. ಅದೇ ಹೆಸರಿನ ಎರಡು ಕಲಾವಿದ ಪುಟಗಳು ಹುಟ್ಟಿಕೊಂಡವು.

ಸಾವಿರದ ಗೆರೆ

ಎಣಿಕೆ ಸೊನ್ನೆಯಾದರೇನು, ಕೇಳುವವರು ಮತ್ತೆ ಕೇಳುತ್ತಾರಲ್ಲ ಎನ್ನಿಸಬಹುದು. 2024ರ ಆರಂಭದವರೆಗೆ ಆ ಮಾತು ನಡೆಯುತ್ತಿತ್ತು. ಅಲ್ಲಿಂದಾಚೆ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ನುಡಿಯದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಆ ಹಣ ಅರ್ಹ ಹಾಡುಗಳ ಪಾಲಿಗೆ ಸೇರುತ್ತದೆ.

ತಂಡದ ಒಂದು ಒಳ್ಳೆಯ ವರ್ಷದ ಲೆಕ್ಕ ಹೀಗಿತ್ತು ಎನ್ನಿ: ಮೊದಲ ಅಂಟಿಗೆ-ಪಂಟಿಗೆ ಪದ 4,100, ಅಕ್ಕನ ಒಂದು ವಚನ 1,900, ಎರಡನೇ ಪದ 1,250, ಉಳಿದ ಐದು ಕ್ರಮವಾಗಿ 940, 610, 380, 220, 150. ಒಟ್ಟು 9,550. ಸಾವಿರದ ಗೆರೆ ದಾಟಿದ್ದು ಮೂರೇ. ಉಳಿದ ಐದರ 2,300 ಕೇಳ್ಮೆ, ಅಂದರೆ ಸುಮಾರು ನಾಲ್ಕನೇ ಒಂದು ಪಾಲು, ಒಂದು ಪೈಸೆಯನ್ನೂ ತರುವುದಿಲ್ಲ. ಈಗ ಮೂರನೇ ಹಾಡನ್ನು ನೋಡಿ. ಅದರ 1,250ರಲ್ಲಿ 700 ಹಳೆಯ ಕೋಡಿನಲ್ಲಿ, 550 ಹೊಸ ಕೋಡಿನಲ್ಲಿ ಬಿದ್ದರೆ ಎರಡೂ ಗೆರೆಯ ಕೆಳಗೇ ಉಳಿಯುತ್ತವೆ. ಕೇಳಿದವರು ಅಷ್ಟೇ ಜನ, ಹಾಡು ಅದೇ, ಆದಾಯ ಸೊನ್ನೆ.

ಮೊತ್ತ ದೊಡ್ಡದೇನಲ್ಲ, ನಿಜ. ಒಂದು ಕೇಳ್ಮೆಗೆ ಇಂತಿಷ್ಟು ಎಂಬ ದರವೇ ಇಲ್ಲ. ಆಯಾ ದೇಶದ ಆ ತಿಂಗಳ ಹಣವನ್ನು ರಾಶಿ ಹಾಕಿ ಒಟ್ಟು ಕೇಳ್ಮೆಯಲ್ಲಿ ನಿಮ್ಮ ಪಾಲೆಷ್ಟೋ ಅಷ್ಟನ್ನು ಅಳೆದು ಕೊಡುತ್ತಾರೆ. ಇಂಥ ನಿಯಮ ಯಾರ ಜೊತೆ ಕೂತು ಆಗುತ್ತದೆ ಎಂಬುದು ಗಮನಿಸಬೇಕಾದ ಮಾತು. ಡೀಜರ್ 2023ರಲ್ಲಿ ತಿಂಗಳಿಗೆ 1,000 ಕೇಳ್ಮೆ, ಕನಿಷ್ಠ 500 ಬೇರೆ ಬೇರೆ ಕೇಳುಗರು ಇರುವ ಕಲಾವಿದರಿಗೆ ಎರಡರಷ್ಟು ತೂಕ ಕೊಡುವ ಪದ್ಧತಿ ತಂದಾಗ ಅದನ್ನು ರೂಪಿಸಿದ್ದು ಯೂನಿವರ್ಸಲ್ ಜೊತೆಗೂಡಿ. ಸ್ವತಂತ್ರರ ಪರವಾಗಿ ಮಾತಾಡಲು ಮರ್ಲಿನ್ ಎಂಬ ಒಕ್ಕೂಟ ಇದೆ. ಅದರ ಸದಸ್ಯರು ಲೇಬಲ್‌ಗಳು, ಡಿಸ್ಟ್ರಿಬ್ಯೂಟರ್‌ಗಳು. ಹಾಡುವವರು ತಾವೇ ಹೋಗಿ ಸೇರುವಂತಿಲ್ಲ. ಹೀಗಾಗಿ ಸ್ವತಂತ್ರ ಮಂಡಿಯೊಂದು ದೊಡ್ಡ ಮನೆಗೆ ಮಾರಾಟವಾದಾಗ ಚೌಕಾಸಿಯ ಮೇಜಿನಲ್ಲಿ ಈ ಕಡೆಯ ಒಂದು ಕುರ್ಚಿ ಕಡಿಮೆಯಾಗುತ್ತದೆ.

ತಂಬೂರಿಯ 38 ಸೆಕೆಂಡು

ಯೂಟ್ಯೂಬಿನ ತೊಂದರೆ ಇದಕ್ಕಿಂತ ಸಿಕ್ಕುಸಿಕ್ಕಾದದ್ದು. ಕಂಟೆಂಟ್ ಐಡಿ ಎಂದರೆ ಹಾಡಿನ ಬೆರಳಚ್ಚು. ಡಿಸ್ಟ್ರಿಬ್ಯೂಟರ್ ಆ ಬೆರಳಚ್ಚನ್ನು ಯೂಟ್ಯೂಬಿಗೆ ಕೊಟ್ಟಿರುತ್ತಾರೆ. ಯಾರ ವಿಡಿಯೋದಲ್ಲಿ ಅದು ಹೊಂದಿದರೂ ಕ್ಲೇಮ್ (ಹಕ್ಕಿನ ದಾವೆ) ಬೀಳುತ್ತದೆ, ಜಾಹೀರಾತಿನ ಹಣ ಬೆರಳಚ್ಚು ಕೊಟ್ಟವರ ಕಡೆ ಹರಿಯುತ್ತದೆ. ಹಾಡನ್ನು ಅಂಗಡಿಗಳಿಂದ ತೆಗೆದರೂ ಬೆರಳಚ್ಚು ತಾನಾಗಿ ಹೋಗಬೇಕೆಂದಿಲ್ಲ, ಎರಡೂ ಬೇರೆ ಬೇರೆ ಕಡತ. ಇಲ್ಲಿಯೂ ಹೋಗಿರಲಿಲ್ಲ. ಹಳೆಯ ಮಂಡಿಯ ಬೆರಳಚ್ಚುಗಳು ಕೊಂಡವರ ಖಾತೆಗೆ ಸಾಗಿದ್ದವು. ತಂಡದ ಚಾನೆಲ್‌ನಲ್ಲಿದ್ದ ತಂಡದ್ದೇ ವಚನದ ಮೇಲೆ ಕ್ಲೇಮ್ ಬಿತ್ತು. ಹಣ ಹೋಗಿ ಕೂತದ್ದು ಬೀಗ ಬಿದ್ದಿದ್ದ ತಂಡದ ಹಳೆಯ ಖಾತೆಯಲ್ಲಿ. ಹೊಸ ಡಿಸ್ಟ್ರಿಬ್ಯೂಟರ್ ಕೂಡ ಬೆರಳಚ್ಚು ಕೊಟ್ಟಾಗ ಎರಡು ಕಡೆಯವರೂ ಹಕ್ಕು ಹೇಳಿದಂತಾಗಿ ಹಣ ಯಾರಿಗೂ ಹೋಗದೆ ನಿಂತಿತು.

ಇದಲ್ಲದೆ ಇನ್ನೊಂದು ಕ್ಲೇಮ್. ಅಲ್ಲಮನ ಎರಡು ವಚನಗಳ ಮೇಲೆ, ಇಡೀ ಹಾಡಿನ ಮೇಲಲ್ಲ, 3ನೇ ಸೆಕೆಂಡಿನಿಂದ 40ನೇ ಸೆಕೆಂಡಿನವರೆಗೆ ಮಾತ್ರ. ಆ 38 ಸೆಕೆಂಡಿನಲ್ಲಿ ಹಾಡೇ ಇಲ್ಲ, ಬರೀ ತಂಬೂರಿ. ಧ್ವನಿಮುದ್ರಣ ನಡೆದದ್ದು ಆಷಾಢದಲ್ಲಿ. ಹಂಚಿನ ಮಾಡಿನ ಮೇಲೆ ಮಲೆನಾಡಿನ ಮಳೆ ಸುರಿಯುವಾಗ ತಂಬೂರಿಯಂಥ ಮೆಲುದನಿಯ ವಾದ್ಯಕ್ಕೆ ಮೈಕು ಇಟ್ಟರೆ ಸಿಗುವುದು ಮಳೆಯೇ. ಆದ್ದರಿಂದ ಮೊಬೈಲಿನ ತಂಬೂರಿ ಆ್ಯಪ್ ಹಚ್ಚಿ, ಕರಿ ನಾಲ್ಕಕ್ಕೆ ಶ್ರುತಿ ಇಟ್ಟು, ನೇರ ತಂತಿ ಎಳೆದು ಮುದ್ರಿಸಿಕೊಂಡಿದ್ದರು. ಅದೇ ಆ್ಯಪಿನ ಅದೇ ಶ್ರುತಿ, ಅದೇ ವೇಗದ ನಾದವನ್ನು ಇನ್ನೆಲ್ಲೋ ಯಾರೋ ಧ್ಯಾನದ ಸಂಗೀತವೆಂದು ಬಿಡುಗಡೆ ಮಾಡಿ ಬೆರಳಚ್ಚು ಕೊಟ್ಟಿದ್ದರು. ಯಂತ್ರಕ್ಕೆ ಎರಡೂ ಒಂದೇ.

ಎಲ್ಲರಿಗೂ ಸಿಗುವ ಲೂಪ್, ಸ್ಯಾಂಪಲ್‌ಗಳನ್ನು ಬೆರಳಚ್ಚಾಗಿ ಕೊಡಬಾರದೆಂದು ಯೂಟ್ಯೂಬಿನ ನಿಯಮವೇ ಇದೆ. ಆ ಧ್ಯಾನ ಸಂಗೀತದವರು ಅದನ್ನು ಮೀರಿದ್ದರು. ನಮ್ಮ ತಂಡವೂ ಮೀರಿತ್ತು ಎಂಬುದನ್ನು ಸೇರಿಸಿ ಹೇಳಬೇಕು: ಬಿಡುಗಡೆಯ ದಿನ ಎಂಟಕ್ಕೂ ಕಂಟೆಂಟ್ ಐಡಿ ಚೌಕಕ್ಕೆ ಗುರುತು ಹಾಕಿದ್ದರು. ಇವರ ಆ 38 ಸೆಕೆಂಡು ಮತ್ಯಾರ ರಿಯಾಜಿನ ವಿಡಿಯೋಕ್ಕೆ ಹೋಗಿ ತಾಗಿತ್ತೋ.

ಸರಿಪಡಿಸಿದ್ದು

ಮೊದಲ ಕೆಲಸ ಹಳೆಯ ಐಎಸ್‌ಆರ್‌ಸಿ ಹುಡುಕುವುದು. ಇದು 12 ಅಕ್ಷರ-ಅಂಕಿಗಳ ಗುರುತು: ಮೊದಲೆರಡು ದೇಶದ್ದು, ಮುಂದಿನ ಮೂರು ಕೋಡು ಕೊಟ್ಟವರದು, ಎರಡು ವರ್ಷದ್ದು, ಕೊನೆಯ ಐದು ಹಾಡಿನದು. ಡ್ಯಾಶ್‌ಬೋರ್ಡ್ ಮುಚ್ಚಿದ್ದರೂ ತಿಂಗಳ ರಾಯಲ್ಟಿ ವರದಿಯ ಹಾಳೆಗಳು ಮೇಲ್‌ಗೆ ಬಂದಿದ್ದವು, ಪ್ರತಿ ಸಾಲಿನಲ್ಲೂ ಕೋಡು ಇತ್ತು. ಅದೂ ಇಲ್ಲದವರು ಧ್ವನಿಮುದ್ರಣ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಪಿಐ ನಡೆಸುವ ಐಎಸ್‌ಆರ್‌ಸಿ ಹುಡುಕಾಟದ ಪುಟದಲ್ಲಿ ಕಲಾವಿದರ ಹೆಸರು ಕೊಟ್ಟು ನೋಡಬಹುದು. ಕೋಡು ಕೊಟ್ಟವರೇ ಹಾಡಿನ ಮಾಲೀಕರು ಎಂಬ ತಪ್ಪು ತಿಳಿವಳಿಕೆ ಬಲವಾಗಿದೆ. ಹಾಗೇನಿಲ್ಲ. ಕೋಡು ಮುದ್ರಣಕ್ಕೆ ಅಂಟಿದ್ದು, ಮಂಡಿ ಬದಲಾದರೆ ಜೊತೆಗೇ ಬರುತ್ತದೆ. ಮುಂದಿನ ಬಿಡುಗಡೆಗೆ ಸ್ವಂತ ಕೋಡು ಬೇಕೆಂದರೆ ಭಾರತದಲ್ಲಿ ಕೊಡುವವರು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಸಂಸ್ಥೆಯವರು.

ಎರಡನೆಯದು ಮಾಲೀಕರು ಯಾರೆಂದು ತಾವೇ ತೀರ್ಮಾನಿಸಿಕೊಳ್ಳುವುದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ನಿರ್ಮಾಪಕರದು. ನಿರ್ಮಾಪಕ ಎಂದರೆ ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವರು. ಬಿಲ್ಲು ಮೇಷ್ಟ್ರ ಹೆಸರಲ್ಲಿತ್ತು, ಖರ್ಚು ನಾಲ್ವರೂ ಹಂಚಿಕೊಂಡಿದ್ದರು. ಹಾಗಾಗಿ ನಾಲ್ವರೂ ಜಂಟಿ ನಿರ್ಮಾಪಕರು, ವ್ಯವಹಾರ ನಡೆಸಲು ಮೇಷ್ಟ್ರಿಗೆ ಅಧಿಕಾರ, ಬಂದ ಹಣ ಸಮಪಾಲು ಎಂದು ಸ್ಟಾಂಪ್ ಪೇಪರಿನಲ್ಲಿ ಒಂದೂವರೆ ಪುಟ ಬರೆದು ಸಹಿ ಮಾಡಿದರು. ದಾಟಿಯ ಹಕ್ಕು ಮೇಷ್ಟ್ರದು ಎಂದು ಪ್ರತ್ಯೇಕ ಸಾಲು. ಇದನ್ನು ಬೆರೆಸಬಾರದು: ದಾಟಿ ಹಾಕಿದವರ ರಾಯಲ್ಟಿ ಐಪಿಆರ್‌ಎಸ್ ಎಂಬ ಸಂಸ್ಥೆಯ ಮೂಲಕ ಬರುತ್ತದೆ, ಹಾಡಿದವರ ಪಾಲನ್ನು ನೋಡಿಕೊಳ್ಳುವುದು ಇಸಾಮ್ರಾ ಎಂಬ ಸಂಸ್ಥೆ, ಡಿಸ್ಟ್ರಿಬ್ಯೂಟರ್ ಕೊಡುವುದು ಮುದ್ರಣದ ಹಣ. ತಂಡ ಮೂರರಲ್ಲಿ ಕೊನೆಯದನ್ನಷ್ಟೇ ಇಲ್ಲಿಯವರೆಗೆ ಕಂಡಿತ್ತು.

ಮಂಡಿ ಕೊಂಡವರಿಗೆ ಬರೆದ ಮೇಲ್‌ನಲ್ಲಿ ಗೋಳು ಹೇಳಿಕೊಳ್ಳಲಿಲ್ಲ. ಎಂಟು ಹಾಡಿನ ಹೆಸರು, ಎಂಟು ಕೋಡು, ಹಳೆಯ ಖಾತೆಯ ಸಂಖ್ಯೆ, ಸಹಿಯಾದ ಪತ್ರದ ಪ್ರತಿ. ಕೇಳಿದ್ದು ಮೂರೇ: ಬೆರಳಚ್ಚು ಹಿಂತೆಗೆಯಿರಿ, ನಮ್ಮ ಚಾನೆಲ್ ಮೇಲಿನ ಕ್ಲೇಮ್ ಬಿಡಿ, ಖಾತೆಯಲ್ಲಿ ಉಳಿದ ಹಣದ ಲೆಕ್ಕ ಕೊಡಿ. ಮೊದಲೆರಡು ಮೂರನೇ ವಾರದಲ್ಲಿ ಆದವು.

ತಂಬೂರಿಯ ಕ್ಲೇಮಿಗೆ ಯೂಟ್ಯೂಬಿನಲ್ಲಿ ತಕರಾರು ಹಾಕಿದರು. ಇಲ್ಲಿ ದಿನದ ಲೆಕ್ಕ ಮುಖ್ಯ. ಕ್ಲೇಮ್ ಬಿದ್ದ 5 ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದ ಹಣ ತಡೆಹಿಡಿದು ಗೆದ್ದವರಿಗೆ ಕೊಡುತ್ತಾರೆ. ತಡವಾದರೆ ತಕರಾರಿನ ದಿನದಿಂದ ಮಾತ್ರ. ಎದುರಿನವರಿಗೆ ಉತ್ತರಿಸಲು 30 ದಿನ. ಸುಮ್ಮನಿದ್ದರೆ ಕ್ಲೇಮ್ ರದ್ದಾಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ, ಅದಕ್ಕೆ 7 ದಿನ. ಅಲ್ಲಿಯೂ ಒಪ್ಪದೆ ಅವರು ವಿಡಿಯೋ ತೆಗೆಸಿದರೆ ಚಾನೆಲ್‌ಗೆ ಸ್ಟ್ರೈಕ್ (ಕೃತಿಸ್ವಾಮ್ಯ ಮೀರಿದ ಎಚ್ಚರಿಕೆ), 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು. ಆದ್ದರಿಂದ ಒಂದೇ ದಿನ ಎರಡು ವಿಡಿಯೋಕ್ಕೂ ತಕರಾರು ಹಾಕದೆ ಒಂದಕ್ಕೆ ಹಾಕಿ ಕಾದದ್ದು ಜಾಣತನ. 30 ದಿನ ಕಳೆಯಿತು, ಉತ್ತರ ಬರಲಿಲ್ಲ, ಕ್ಲೇಮ್ ರದ್ದಾಯಿತು. ಆಮೇಲೆ ಎರಡನೆಯದಕ್ಕೆ ಹಾಕಿದರು.

ಆ 38 ಸೆಕೆಂಡನ್ನು ಕತ್ತರಿಸಿ ಹೊಸ ತಂಬೂರಿ ಹಾಕಿಬಿಡೋಣ ಎಂಬ ಮಾತು ಬಂತು. ಹಾಗೆ ಮಾಡಿದರೆ ಅದು ಬೇರೆ ಮುದ್ರಣ, ಬೇರೆ ಕೋಡು ಬೇಕು, ಎಣಿಕೆ ಮತ್ತೆ ಸೊನ್ನೆ. ಅಂಗಡಿಗಳಲ್ಲಿರುವುದನ್ನು ಮುಟ್ಟದೆ, ಆ ಎರಡನ್ನು ಕಂಟೆಂಟ್ ಐಡಿಯಿಂದ ಹೊರಗಿಟ್ಟರು.

ಕೊನೆಗೆ ಮರುಏರಿಕೆ. ಸ್ಟುಡಿಯೋದಲ್ಲಿ 24 ಬಿಟ್‌ನ ಮೂಲ ಮಾಸ್ಟರ್ ಇತ್ತು, ಗುಣಮಟ್ಟದಲ್ಲಿ ಅದೇ ಮೇಲು. ಆದರೂ ಕಳಿಸಬೇಕಾದ್ದು ಮೊದಲ ಸಲ ಕಳಿಸಿದ್ದ 16 ಬಿಟ್, 44.1 ಕಿಲೋಹರ್ಟ್ಸ್‌ನ ಅದೇ ವೇವ್ ಫೈಲು. ಒಂದು ಸೆಕೆಂಡೂ ಆಚೀಚೆ ಆಗಬಾರದು. ಆರು ಹಾಡಿನ ಫೈಲು ಹುಡುಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಕ್ಕವು, ಎರಡು ಸಿಗದೆ ಮಾಸ್ಟರಿನಿಂದ ಮತ್ತೆ ತೆಗೆಯಬೇಕಾಯಿತು. ಹಳೆಯ ಕೋಡು, ಹಳೆಯ ಕಾಗುಣಿತ, ಕಲಾವಿದ ಪುಟದ ಹಳೆಯ ಕೊಂಡಿ, 3000 ಚುಕ್ಕೆಯ ಚೌಕದ ಅದೇ ಮುಖಪುಟ. ಆಲ್ಬಮ್ಮಿನ ಬಾರ್‌ಕೋಡ್ ಸಂಖ್ಯೆ ಬದಲಾದರೂ ಅಡ್ಡಿಯಿಲ್ಲ. ಆತುರದಲ್ಲಿ ಏರಿಸಿದ್ದ ಪ್ರತಿಗಳನ್ನು ಮೊದಲೇ ತೆಗೆಯದೆ, ಸರಿಯಾದವು ಎಲ್ಲ ಅಂಗಡಿಗಳಲ್ಲೂ ಕಾಣಿಸಿಕೊಂಡ ಒಂದು ವಾರದ ನಂತರ ತೆಗೆದರು. ಹೆಚ್ಚು ನುಡಿಯುವ ಮೂರನ್ನಷ್ಟೇ ಹೀಗೆ ಮಾಡಿ ಉಳಿದವನ್ನು ಬಿಡುವ ಯೋಚನೆಯೂ ಇತ್ತು. ಒಂದು ಮುದ್ರಣಕ್ಕೆ ಎರಡು ಕೋಡು ಉಳಿಸಿಕೊಂಡರೆ ಮುಂದೆ ಐಪಿಆರ್‌ಎಸ್ ನೋಂದಣಿಯಲ್ಲೂ ಅದೇ ಗೋಜಲು ಬರುತ್ತದೆ. ಎಂಟನ್ನೂ ಸರಿಮಾಡಿದ್ದೇ ಸರಿ.

ತೆರಿಗೆಯದು ಸಣ್ಣ ಮಾತು, ಬಿಟ್ಟರೆ ದುಬಾರಿ. ಅಮೆರಿಕದ ಕೇಳುಗರಿಂದ ಬಂದ ಹಣಕ್ಕೆ ಡಬ್ಲ್ಯು-8ಬೆನ್ ಫಾರಂ ತುಂಬದಿದ್ದರೆ 30 ಶೇಕಡಾ ಕಡಿತ, ತುಂಬಿ ಭಾರತದೊಂದಿಗಿನ ಒಪ್ಪಂದ ತೋರಿಸಿದರೆ 15. ಅಲ್ಲಿರುವ ಮಲೆನಾಡಿನವರು ದೀಪಾವಳಿಗೆ ಇಂಥ ಪದಗಳನ್ನು ಹುಡುಕಿ ಕೇಳುತ್ತಾರೆ. ಮಂಡಿಯೇ ಬೇಡ, ನೇರ ಮಾರುತ್ತೇವೆ ಎಂಬ ಆಸೆಗೆ ಬ್ಯಾಂಡ್‌ಕ್ಯಾಂಪ್ ಇದೆ. ಅದೂ 2022ರಲ್ಲಿ ಎಪಿಕ್ ಗೇಮ್ಸ್‌ಗೆ, 2023ರಲ್ಲಿ ಸಾಂಗ್‌ಟ್ರೇಡರ್‌ಗೆ ಕೈಬದಲಾಗಿ ಅರ್ಧದಷ್ಟು ನೌಕರರನ್ನು ಕಳೆದುಕೊಂಡಿತು. ಅಲ್ಲದೆ ಅಲ್ಲಿ ಕಲಾವಿದರಿಗೆ ಹಣ ಬರುವುದು ಪೇಪಾಲ್ ಮೂಲಕ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ತೀರ್ಥಹಳ್ಳಿಯ ಕೇಳುಗರಿಗೆ ಶಿವಮೊಗ್ಗದವರು ಹಾಡು ಮಾರಲು ಅದು ದಾರಿಯಲ್ಲ.

ಈಗ ಇರುವ ಸ್ಥಿತಿ

ಆರು ಹಾಡುಗಳ ಹಳೆಯ ಎಣಿಕೆ ಮರಳಿ ಕೂಡಿಕೊಂಡಿದೆ. ಫೈಲು ಸಿಗದಿದ್ದ ಎರಡು ಸೊನ್ನೆಯಿಂದಲೇ ನಡೆಯುತ್ತಿವೆ. ಕಲಾವಿದ ಪುಟ ಸ್ಪಾಟಿಫೈನಲ್ಲಿ ಒಂದಾಗಿದೆ, ಇನ್ನೊಂದು ಅಂಗಡಿಯಲ್ಲಿ ಎರಡಾಗಿಯೇ ಉಳಿದಿದೆ. ಬೀಗ ಬಿದ್ದ ಖಾತೆಯ ಹಣ ಕನಿಷ್ಠ ಹಿಂಪಡೆಯುವ ಮಿತಿಗಿಂತ ಕಡಿಮೆ ಇದೆಯೆಂದು ಉತ್ತರ ಬಂದಿದೆ. ಆ ಮಿತಿಯನ್ನು ಹೊಸ ಮಾಲೀಕರು ಏರಿಸಿದ್ದು, ಹಳೆಯ ಕರಾರಿನ ಕಾಲದಲ್ಲಿ ದುಡಿದ ಹಣಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಮೇಷ್ಟ್ರು ಮತ್ತೊಂದು ಮೇಲ್ ಹಾಕಿದ್ದಾರೆ.

ಖಾತೆ ಈಗ ತಂಡದ ಹೆಸರಿನ ಮೇಲ್ ಐಡಿಯಲ್ಲಿದೆ, ಗುಪ್ತಪದ ಇಬ್ಬರಿಗೆ ಗೊತ್ತು. ಎಂಟು ಕೋಡು, ಫೈಲು ಇರುವ ಜಾಗ, ಯಾವ ಹಾಡಿನಲ್ಲಿ ಯಾವ ಆ್ಯಪಿನ ಯಾವ ನಾದ ಬಳಸಿದೆ ಎಂಬುದೆಲ್ಲ ಹಾರ್ಮೋನಿಯಂ ಪೆಟ್ಟಿಗೆಯೊಳಗಿನ 200 ಪುಟದ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ. ಇನ್ನಷ್ಟು ಅಂಟಿಗೆ-ಪಂಟಿಗೆ ಪದಗಳ ಮುದ್ರಣವನ್ನು ಮಳೆ ನಿಂತಮೇಲೆ, ನಿಜವಾದ ತಂಬೂರಿ ಇಟ್ಟುಕೊಂಡು ಮಾಡುವುದೆಂದು ತೀರ್ಮಾನವಾಗಿದೆ.